ಸೋಮನ ಇಪ್ಪತ್ತೆರಡು ಸೀರೆ

ಕೊಡೇರಿಯ ಸೋಮ ಮೊಗವೀರ ಕಡಲಿಗೆ ಹೋಗುವುದನ್ನು ನಿಲ್ಲಿಸಿದ್ದು ತನ್ನ ಇಚ್ಛೆಯಿಂದಲ್ಲ, ಎಡ ಮೊಣಕಾಲಿನ ಇಚ್ಛೆಯಿಂದ. ಐವತ್ತು ತುಂಬಿದ ವರ್ಷ ಅದು ದೋಣಿ ಹತ್ತುವಾಗ ಒಮ್ಮೆ ಕಟಕ್ಕೆಂದಿತು, ಇಳಿಯುವಾಗ ಇನ್ನೊಮ್ಮೆ. ಮೂರನೆಯ ಸಲ ಅನ್ನುವುದಕ್ಕೆ ಹೆಂಡತಿ ಜಲಜ ಬಿಡಲಿಲ್ಲ.

"ಇನ್ ಕಡ್ಲೂ ಬ್ಯಾಡ, ದೋಣಿಯೂ ಬ್ಯಾಡ. ಶೆಡ್ಡಂಗೆ ಕೂಕಂಡ್ ಬಲಿ ಕಟ್ಟಿ ಸಾಕ್" ಎಂದು ಅಪ್ಪಣೆಯಾಯಿತು.

ಜಲಜ ಬೈಂದೂರು ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಅವಳು ಹೇಳಿದ ದರವನ್ನು ಗಿರಾಕಿಗಳೇ ಇಳಿಸಲಾರರು. ಅವಳು ಹೇಳಿದ ಮಾತನ್ನು ಗಂಡ ಇಳಿಸುವುದು ಎಲ್ಲಿ ಬಂತು? ಸೋಮ ದಡದ ಬಲೆ ಶೆಡ್ಡಿನಲ್ಲಿ ಕಾಲು ಚಾಚಿ ಕೂತ. ಹರಿದ ಬಲೆಯನ್ನು ಅವನು ಕಟ್ಟಿದರೆ ಹರಿದದ್ದು ಎಲ್ಲಿ ಎಂದು ಮೀನಿಗೂ ತಿಳಿಯುತ್ತಿರಲಿಲ್ಲ.

ಆ ಶೆಡ್ಡಿನ ಹಿಂದೆ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದ ಒಂದು ಸಂಸಾರ ಬಿಡಾರ ಹೂಡಿತ್ತು. ಅದರ ಯಜಮಾನಿ ಯಲ್ಲವ್ವ ಬಿಡುವಾದಾಗಲೆಲ್ಲ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲಾಗಿ ಕೈಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದಳು. ಹೊದೆಯಲೂ ಆಯಿತು, ಹಾಸಲೂ ಆಯಿತು. ಸೋಮ ಒಂದು ವಾರ ಅದನ್ನು ದೂರದಿಂದ ನೋಡಿದ. ಎರಡನೆಯ ವಾರ ಹತ್ತಿರದಿಂದ ನೋಡಿದ. ಮೂರನೆಯ ವಾರ ತಡೆಯಲಾರದೆ, "ಆ ಸಾಲ್ ಒಂಚೂರ್ ಸೊಟ್ಟ ಆಯ್ತಲ್ದಾ?" ಎಂದ.

"ಹಂಗಾರ ನೀನಽ ಹಾಕು ಯಣ್ಣಾ" ಎಂದು ಯಲ್ಲವ್ವ ಸೂಜಿ ಕೊಟ್ಟಳು. ಆ ಸೂಜಿ ಅವಳಿಗೆ ವಾಪಸು ಸಿಕ್ಕಿದ್ದು ಸಂಜೆಗೆ.

ಸೋಮನಿಗೆ ಹುಚ್ಚು ಹಿಡಿದದ್ದು ಹೀಗೆ. ಆದರೆ ಅದು ಗುಟ್ಟಿನ ಹುಚ್ಚು. ಮೂವತ್ತು ವರ್ಷ ಕಡಲಲ್ಲಿ ಬಲೆ ಎಳೆದ, ಮೀಸೆ ಹೊತ್ತ ಗಂಡಸು ಹೂವಿನ ಬಟ್ಟೆಯ ಪಕ್ಕದಲ್ಲಿ ಗೆರೆ ಬಟ್ಟೆ ಚೆಂದವೋ ಚುಕ್ಕಿ ಬಟ್ಟೆ ಚೆಂದವೋ ಎಂದು ಯೋಚಿಸುತ್ತಾನೆಂದು ಊರಿಗೆ ತಿಳಿದರೆ ಗತಿಯೇನು? ಮಗಳು ದಿವ್ಯಾ ಬಾಣಂತನಕ್ಕೆ ಬಂದಾಗ ಮೊಮ್ಮಗಳಿಗೊಂದು ಪುಟ್ಟ ಕೌದಿ ಹೊಲಿದ. ದಿವ್ಯಾಳ ಅತ್ತೆ ಅದನ್ನು ಎತ್ತಿ ತಿರುಗಿಸಿ, "ಇದ್ ಯಾರ್ ಹೊಲ್ದದ್?" ಎಂದು ಕೇಳಿದಾಗ ಸೋಮನ ಬಾಯಿಂದ ತಟ್ಟನೆ ಬಂದದ್ದು, "ಜಲಜ."

ಜಲಜ ಅಲ್ಲವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬೀಗಿತ್ತಿ, "ಎಂಥಾ ಕೈ ನಿಮ್ದ್ ಜಲ್ಜಕ್ಕ! ಮೀನ್ ಮಾರಿ ಬಂದ್ ಇದೆಲ್ಲ ಯಾವಾಗ್ ಮಾಡ್ತ್ರಿ?" ಎಂದುಬಿಟ್ಟಳು. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಬಂದ ಹೊಗಳಿಕೆಯನ್ನು ಹಿಂದಿರುಗಿಸುವ ಅಭ್ಯಾಸ ಜಲಜಳಿಗೆ ಇರಲಿಲ್ಲ. ಅಂದಿನಿಂದ ಊರಿನಲ್ಲಿ ಕೌದಿಯ ಜಲಜಕ್ಕ ಎಂದೇ ಹೆಸರಾಯಿತು. ರವಿಕೆಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಮಾರ್ಕೆಟ್ಟಿಗೆ ಓಡುವ ಹೆಂಗಸು ಅವಳೆಂಬುದು ಮನೆಯೊಳಗಿನ ಮಾತು.

ಹೊಲಿಯುವ ಹುಚ್ಚಿಗಿಂತ ಬಟ್ಟೆ ಕೊಳ್ಳುವ ಹುಚ್ಚು ಬೇಗ ಬೆಳೆಯಿತು. ಕೌದಿಗೆ ಹಳೆ ಬಟ್ಟೆಯೇ ಒಳ್ಳೆಯದೆಂದು ಯಲ್ಲವ್ವ ಕಲಿಸಿದ್ದಳು. ಸೋಮ ಅದನ್ನು ಒಪ್ಪಿದ್ದ. ಆದರೆ ಬಟ್ಟೆ ಹಳೆಯದಾಗಬೇಕಾದರೆ ಮೊದಲು ಹೊಸದು ಕೊಂಡಿರಬೇಕಲ್ಲ ಎಂಬುದು ಅವನ ವಾದ. ಕುಂದಾಪುರದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆಯ ಥಾನು ಕತ್ತರಿಸಿ ಉಳಿದ ತುಂಡುಗಳ ರಾಶಿ ಬೀಳುತ್ತಿತ್ತು. ಅದರ ಮುಂದೆ ಸೋಮ ಕೂತರೆ ಊಟದ ಹೊತ್ತು ಮೀರುತ್ತಿತ್ತು. ತಂದದ್ದನ್ನು ಮಂಚದ ಕೆಳಗಿಟ್ಟ, ಅಟ್ಟದಲ್ಲಿಟ್ಟ. ಜಾಗ ಸಾಲದೆ ಒಂದು ದಿನ ಅಕ್ಕಿ ಡ್ರಮ್ಮಿನಲ್ಲೂ ಇಟ್ಟ. ಅನ್ನಕ್ಕಿಡಲು ಡ್ರಮ್ಮಿಗೆ ಕೈಹಾಕಿದ ಜಲಜಳಿಗೆ ಎರಡು ಮೀಟರ್ ಗುಲಾಬಿ ಹೂವಿನ ಬಟ್ಟೆ ಸಿಕ್ಕಿತು.

"ಹ್ವಾಯ್, ಇಲ್ಲ್ ಕಾಣಿ" ಎಂದಳು ಜಲಜ ಬಹಳ ಶಾಂತವಾಗಿ. ಅವಳು ಶಾಂತವಾದರೆ ಮಾರ್ಕೆಟ್ಟಿನಲ್ಲಿ ಅಕ್ಕಪಕ್ಕದವರು ಬುಟ್ಟಿ ಸರಿಸಿಕೊಳ್ಳುತ್ತಿದ್ದರು. "ಇನ್ನೊಂದ್ ತುಂಡ್ ಬಟ್ಟಿ ಈ ಮನಿ ಹೊಸ್ಲ್ ದಾಟಿ ಒಳ್ಗ್ ಬಂದ್ರೆ, ಅದ್ರೊಟ್ಟಿಗ್ ನೀವೂ ಹೊರ್ಗೇ."

ಹೀಗಿರುವಾಗ ಎರಡು ಸಾವಿರದ ಹದಿಮೂರರ ವಿಧಾನಸಭೆ ಚುನಾವಣೆ ಬಂತು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸೋಮ ಬಲೆಯ ದಾರ ತರಲು ಪಕ್ಕದ ಮನೆಯ ಅಶೋಕನ ಆಟೋದಲ್ಲಿ ಕುಂದಾಪುರಕ್ಕೆ ಹೋದ. ದಾರವನ್ನೂ ಒಂದಿಷ್ಟು ಬಲೆಯನ್ನೂ ಕೊಂಡ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಕಾಲು ಜವಳಿ ಅಂಗಡಿಯ ಕಡೆ ತಿರುಗಿತು. ಎಡಗಾಲು ನೋಯುತ್ತದೆನ್ನುವ ಮನುಷ್ಯ ಆ ಅಂಗಡಿಯ ಐದು ಮೆಟ್ಟಿಲನ್ನು ಎರಡೇ ಹೆಜ್ಜೆಗೆ ಹತ್ತಿದ್ದನ್ನು ಅಶೋಕ ಕಣ್ಣಾರೆ ಕಂಡಿದ್ದಾನೆ.

"ಸೋಮಣ್ಣ, ನಿಮಗೆ ಅಂತಲೇ ತೆಗೆದಿಟ್ಟಿದ್ದೇನೆ" ಎಂದರು ಅಂಗಡಿಯವರು. ನೇಯ್ಗೆ ತಪ್ಪಿದ ಇಪ್ಪತ್ತೆರಡು ಸೀರೆ. ಒಂದಕ್ಕೆ ಸೆರಗು ಓರೆ, ಒಂದಕ್ಕೆ ಅಂಚು ಅರ್ಧ ದಾರಿಯಲ್ಲಿ ಕಾಣೆ. ಉಡುವವರಿಗೆ ಬೇಡ, ಕತ್ತರಿಸುವವನಿಗೆ ಚಿನ್ನ. ಅರಿಸಿನ, ನೇರಳೆ, ಗಿಳಿಹಸಿರು ಎಲ್ಲ ಇತ್ತು. ಸೋಮ ಒಂದನ್ನೂ ಬಿಡಲಿಲ್ಲ.

"ಬಿಲ್ಲು ಮಾಡಲಾ?"

"ಬ್ಯಾಡ ಮಾರಾಯ್ರೆ! ಬಿಲ್ಲ್ ಮನಿಗ್ ಹೋರೆ ಮತ್ತ್ ನಂಗೆ ಮನಿಗ್ ಹೋಪುಕಾತಿಲ್ಲೆ."

ಸೀರೆಯ ಗಂಟನ್ನು ಆಟೋದೊಳಗಿಟ್ಟು ಮೇಲೆ ಬಲೆ ಮುಚ್ಚಿದರು. ಮನೆಯ ಹತ್ತಿರ ಬಂದಾಗ ಗಂಟನ್ನು ಶೆಡ್ಡಿಗೆ ಸಾಗಿಸುವುದೆಂದು ಯೋಜನೆಯಾಗಿತ್ತು. ಆದರೆ ದಾರಿಯ ಮಧ್ಯೆ ಹೆದ್ದಾರಿಯ ಬದಿಗೆ ಶಾಮಿಯಾನ ಹಾಕಿ ಚುನಾವಣೆಯ ತಪಾಸಣೆಯವರು ಕೂತಿದ್ದರು. ಒಬ್ಬ ಅಧಿಕಾರಿ, ಇಬ್ಬರು ಪೊಲೀಸರು, ವಿಡಿಯೋ ಕ್ಯಾಮೆರಾ ಹಿಡಿದವನೊಬ್ಬ. ಮತದಾರರಿಗೆ ಹಂಚಲು ಸೀರೆ, ಪಾತ್ರೆ, ಬಾಟ್ಲಿ ಸಾಗಿಸುವವರನ್ನು ಹಿಡಿಯುವುದು ಅವರ ಕೆಲಸ. ಬೆಳಿಗ್ಗೆಯಿಂದ ಅವರಿಗೆ ಒಂದು ಬಾಟ್ಲಿಯೂ ಸಿಕ್ಕಿರಲಿಲ್ಲ.

"ಬಲೆಯ ಕೆಳಗೆ ಏನು?" ಎಂದು ಅಧಿಕಾರಿ ಕೇಳಿದರು.

"ಬಲಿ" ಎಂದ ಸೋಮ.

"ಅದರ ಕೆಳಗೆ?"

"ಅದೂ ಬಲಿಯೇ ಅಂದೇಳಿ ತಿಳ್ಕಣಿ."

ಸರ್ಕಾರ ಅವರಿಗೆ ಸಂಬಳ ಕೊಡುತ್ತಿದ್ದದ್ದು ಹಾಗೆಲ್ಲ ತಿಳಿದುಕೊಳ್ಳುವುದಕ್ಕಲ್ಲ. ಬಲೆ ಸರಿಯಿತು. ಗಂಟು ಬಿಚ್ಚಿತು. ಬಿಸಿಲಿಗೆ ಇಪ್ಪತ್ತೆರಡು ಸೀರೆಗಳು ಥಳಥಳಿಸಿದವು. ಕ್ಯಾಮೆರಾದವನು ಲಗುಬಗೆಯಿಂದ ಹತ್ತಿರ ಬಂದ.

"ಯಾರಿಗೆ ಇಷ್ಟು ಸೀರೆ?"

ಕ್ಯಾಮೆರಾದ ಗಾಜಿನ ಕಣ್ಣು ಸೋಮನ ಮೀಸೆಯನ್ನೇ ನೋಡುತ್ತಿತ್ತು. ನಾನು ಹೊಲಿಯುತ್ತೇನೆ ಎಂದು ಅದರೆದುರು ಹೇಳುವುದು ಹೇಗೆ? "ಹೆಂಡ್ತಿಗೆ" ಎಂದ.

"ಎಷ್ಟು ಜನ ಹೆಂಡತಿಯರು ನಿಮಗೆ?"

"ಒಬ್ಳೇ. ಅದೇ ಸುಮಾರಾಯ್ತ್."

"ಒಬ್ಬರಿಗೆ ಇಪ್ಪತ್ತೆರಡು ಸೀರೆಯಾ?"

"ಉಡುಕಲ್ಲ. ತುಂಡ್ ಮಾಡುಕೆ."

"ತುಂಡು ಮಾಡಿ?"

"ಮತ್ತ್ ಸೇರ್ಸುಕೆ."

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತು. "ಬಿಲ್ಲು ಎಲ್ಲಿ?"

"ಬ್ಯಾಡ ಅಂದೆ."

"ಯಾಕೆ?"

"ಗೊತ್ತಾಪುಕಾಗ ಅಂದೇಳಿ."

ಇಷ್ಟು ಸರಳವಾಗಿ ತಪ್ಪೊಪ್ಪಿಕೊಂಡವರನ್ನು ಅಧಿಕಾರಿ ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. ಅವರು ಮೆತ್ತಗಾದರು. "ನೋಡಿ, ನೀವು ಪಾಪದವರ ಹಾಗೆ ಕಾಣ್ತೀರಿ. ಕೊನೆಯದಾಗಿ ಕೇಳ್ತೇನೆ, ನಿಜ ಹೇಳಿ. ಯಾವ ಪಕ್ಷ?"

ಸೋಮನ ಮುಖ ಅರಳಿತು. ಅಷ್ಟು ಹೊತ್ತಿಗೆ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಬಂದಿತ್ತು. "ಶುಕ್ಲ ಪಕ್ಷ" ಎಂದ. "ಅಮಾಸಿ ಕಳ್ದ್ ಮೂರ್ ದಿನ ಆಯ್ತಲೆ. ಇವತ್ತ್ ಕಡ್ಲ್ ಭರ್ತ, ನೀರ್ ಏರುದ್, ಒಂದೂವರಿ ಗಂಟಿಗೆ."

ಅಧಿಕಾರಿ ಅವನನ್ನು ದೀರ್ಘವಾಗಿ ನೋಡಿ ಬರೆದರು: 'ಪಕ್ಷ: ತಿಳಿಸಲು ನಿರಾಕರಿಸಿದ್ದಾರೆ.' ಸೀರೆಗಳು ಜಪ್ತಿಯಾದವು. ಮೂರು ದಿನದೊಳಗೆ ಕುಂದಾಪುರದ ಚುನಾವಣಾ ಕಚೇರಿಗೆ ಬಂದು ಲಿಖಿತ ವಿವರಣೆ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಕೇಸು ಎಂದು ಚೀಟಿ ಕೊಟ್ಟರು.

ಅಶೋಕನ ಆಟೋಕ್ಕೆ ಮೂರು ಚಕ್ರ. ಅವನ ಬಾಯಿಗೆ ಎಷ್ಟು ಚಕ್ರವೆಂದು ಎಣಿಸಿದವರಿಲ್ಲ. ಸೋಮನನ್ನು ಮನೆಗೆ ಬಿಟ್ಟು ಅವನು ಬಾಡಿಗೆಗೆ ಹೊರಟ. ಉಪ್ಪುಂದ ಮುಟ್ಟುವಾಗ ಇಪ್ಪತ್ತೆರಡು ಸೀರೆ ಅರುವತ್ತಾಗಿದ್ದವು. ಯಡ್ತರೆಯಲ್ಲಿ ಅವು ಟೆಂಪೋ ತುಂಬಿದವು. ಬೈಂದೂರು ಮಾರ್ಕೆಟ್ಟಿಗೆ ಸುದ್ದಿ ಬಂದು ಇಳಿದಾಗ ಅದು ಲಾರಿಯಾಗಿತ್ತು.

ಜಲಜಳ ಪಕ್ಕದಲ್ಲಿ ಬುಟ್ಟಿ ಇಟ್ಟು ಕೂರುವ ಸುಗುಣ ಅವಳ ಕಿವಿಯ ಹತ್ತಿರ ಬಂದು, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಪಿಸುಗುಟ್ಟಿದಳು. "ಏ ಹೆಣೆ, ನಿನ್ ಗಂಡ ಒಂದ್ ಲಾರಿ ಸೀರಿ ತಕಂಡ್ ಬಪ್ಪತಿಗೆ ಪೋಲೀಸ್ರ್ ಹಿಡ್ದ್ರಂಬ್ರ್!"

ಜಲಜ ಬಂಗುಡೆ ಎಣಿಸುತ್ತಿದ್ದವಳು ಹನ್ನೊಂದಕ್ಕೆ ನಿಲ್ಲಿಸಿದಳು. "ಯಾರಿಗಂಬ್ರ್ ಸೀರಿ?"

"ಹೆಂಡ್ತಿಗ್ ಅಂದನಂಬ್ರ್."

"ನಂಗಾ? ನಂಗೆ ಒಂದ್ ದೀಪಾವಳಿ ಸೀರಿ ತಪ್ಪುಕೆ ಮೂರ್ ಸರ್ತಿ ನೆನ್ಪ್ ಮಾಡ್ಕ್ ಆ ಮನ್ಶನಿಗೆ!"

ಉಳಿದ ಮೀನನ್ನು ಸುಗುಣಳ ಬುಟ್ಟಿಗೆ ಸುರಿದು ಅವಳು ಮನೆಗೆ ಬಂದಳು. ಸೋಮ ಚಾವಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಗಿಳಿಹಸಿರು ಸೀರೆಯ ಬಣ್ಣ ಹೇಗಿತ್ತೆಂಬುದನ್ನೂ ಹೇಳಿದ. ಬೇರೆ ಹೆಂಗಸಿಲ್ಲ, ಬರೀ ಬಟ್ಟೆ ಎಂದು ತಿಳಿದಾಗ ಜಲಜಳ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧವೇ ಸಾಕಷ್ಟಿತ್ತು.

"ಕೌದಿ ಹೊಲೂಕೆ ಅಂದೇಳಿ ಹೇಳುಕೆ ಎಂತ ಆಯ್ತ್ ನಿಮ್ಗೆ? ಆಗ್ಳೇ ಬಿಡ್ತಿದ್ರ್!"

"ಕ್ಯಾಮರ ಇದ್ದಿತ್ ಮರಾಯ್ತಿ. ಟೀವಿಯಂಗೆ ಬಂದ್ರೆ ದೋಣಿಯರ್ ಎದ್ರ್ ಹ್ಯಾಂಗ್ ತಲಿ ಎತ್ತುದ್?"

"ಓಟಿಗ್ ಸೀರಿ ಹಂಚ್ವನ್ ಅಂದ್ರೆ ತಲಿ ಎತ್ತುಕಕ್ಕಾ?"

ಇದಕ್ಕೆ ಉತ್ತರ ಕೊಟ್ಟದ್ದು ಸೋಮನಲ್ಲ, ಊರು. ಸೀರೆ ಹಂಚುವವನೆಂದು ತಿಳಿದ ಮೇಲೆ ಊರು ಅವನ ತಲೆಯನ್ನು ಇದ್ದದ್ದಕ್ಕಿಂತ ಎತ್ತರದಲ್ಲಿ ಕಂಡಿತು. ಮರುದಿನ ಬೆಳಿಗ್ಗೆ ಮೊದಲು ಬಂದವಳು ಸುಗುಣ.

"ಸೋಮಣ್ಣ, ನಮ್ ಮನ್ಯಂಗೆ ನಾಕ್ ಓಟ್ ಇತ್ತ್" ಎಂದು ಕೂತಳು. "ಸಿಕ್ಕಿಬಿದ್ದದ್ ಹೋಯ್ಲಿ ಪಾಪ. ಸಿಕ್ಕಿಬೀಳ್ದೇ ಇದ್ದದ್ ಎಲ್ಲಿಟ್ಟಿದ್ರಿ?"

"ಎಲ್ಲ ಸಿಕ್ಕಿಬಿತ್ತ್ ಸುಗುಣ."

"ಹಾಂಗೇ ಹೇಳ್ಕ್, ಹಾಂಗೇ ಹೇಳ್ಕ್" ಎಂದು ಅವಳು ಕಣ್ಣು ಮಿಟುಕಿಸಿದಳು. "ನಂಗೆ ಹಸ್ರ್ ಬಣ್ಣ ಆಯ್ಕ್, ಮತ್ತೆ."

ಹತ್ತು ಗಂಟೆಗೆ ದುಗ್ಗಪ್ಪ ಬಂದರು. ಇವರು ಊರಿನಲ್ಲಿ ಒಂದು ಪಕ್ಷದ ಮುಖಂಡರು. ಚುನಾವಣೆ ಬಂದಾಗ ಮಾತ್ರ ಬಿಳಿ ಅಂಗಿ ಹಾಕುವವರು. "ಸೋಮ, ನೀನ್ ಕರಿಯನ್ ಪಾರ್ಟಿಗ್ ಕೆಲ್ಸ ಮಾಡ್ತಿದ್ಯಂಬ್ರ್. ನಮ್ಗ್ ಒಂದ್ ಮಾತ್ ಹೇಳುಕಾಗ್ದಾ?"

"ದೇವ್ರಾಣಿ ಇಲ್ಲೆ. ನಾನ್ ಯಾರ್ ಪಾರ್ಟಿಯೂ ಅಲ್ಲ."

"ಹಾಂಗಾರೆ ಸೀರಿ ಯಾರ್ದ್?"

"ನಂದೇ."

"ನಿಂದೇ?" ದುಗ್ಗಪ್ಪ ಬೆಂಚಿನ ಮೇಲೆ ಕುಸಿದರು. ರಾಜಕೀಯದಲ್ಲಿ ಇಪ್ಪತ್ತು ವರ್ಷ ಪಳಗಿದ ಅವರ ತಲೆ ಕೆಲಸ ಮಾಡತೊಡಗಿತು. ಯಾವ ಪಾರ್ಟಿಯೂ ಅಲ್ಲ. ಸೀರೆ ಸ್ವಂತದ್ದು. ನಾಮಪತ್ರಕ್ಕೆ ಇನ್ನೂ ದಿನ ಉಂಟು. "ಪಕ್ಷೇತರ!" ಎಂದರು ತಮ್ಮಷ್ಟಕ್ಕೆ.

ಅದೇ ಹೊತ್ತಿಗೆ ಎದುರು ಪಕ್ಷದ ಕರಿಯ ಅಂಗಳಕ್ಕೆ ಬಂದರು. ದುಗ್ಗಪ್ಪನ ಬೈಕನ್ನು ಸೋಮನ ಮನೆಯೆದುರು ಕಂಡ ಮೇಲೆ ಅವರಿಗೆ ತಮ್ಮ ಮನೆಯಲ್ಲಿ ಕೂರಲಾಗಿರಲಿಲ್ಲ. ಬಂದವರೇ, "ಹ್ವಾಯ್ ಸೋಮಣ್ಣ, ನೀವ್ ನಿಲ್ತ್ರಂಬ್ರ್ ಅಲೆ? ಚಿಹ್ನೆ ಹೊಲಿಗಿ ಮಿಷಿನ್ ಅಂದೇಳಿ ಊರಂಗೆಲ್ಲ ಸುದ್ದಿ!" ಎಂದು ಕಲ್ಲೆಸೆದು ನೋಡಿದರು.

ಸೋಮನ ಮುಖ ಬಿಳುಚಿತು. ಅವನು ಕೇಳಿಸಿಕೊಂಡದ್ದು ಒಂದೇ ಶಬ್ದ. "ಹೊಲಿಗಿ ವಿಷ್ಯ ನಿಮ್ಗ್ ಯಾರ್ ಹೇಳ್ದ್ರ್?"

ದುಗ್ಗಪ್ಪ ಕರಿಯನನ್ನು ನೋಡಿದರು, ಕರಿಯ ದುಗ್ಗಪ್ಪನನ್ನು ನೋಡಿದರು. ಆರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಲೆಕ್ಕಕ್ಕೆ ಬಂದಿದ್ದರು: ಬಂದರಿನ ಅಷ್ಟೂ ಓಟು ಸೋಮನ ಬುಟ್ಟಿಗೆ.

"ಕಾಣ್ ಸೋಮ" ಎಂದರು ದುಗ್ಗಪ್ಪ ನಯವಾಗಿ, "ನೀನ್ ಹಿಂದ್ ಸರ್ದ್ರೆ ಬಲಿ ಶೆಡ್ಡಿಗ್ ಹೊಸ ಶೀಟ್ ಹಾಕ್ಸ್ತೆ."

"ನಾನ್ ಶೀಟೂ ಹಾಕ್ಸ್ತೆ, ಲೈಟೂ ಹಾಕ್ಸ್ತೆ" ಎಂದರು ಕರಿಯ.

ಸೋಮನಿಗೆ ತಾನು ಎಲ್ಲಿಂದ ಹಿಂದೆ ಸರಿಯಬೇಕೆಂದು ತಿಳಿಯಲಿಲ್ಲ. ಶೆಡ್ಡು ಸೋರುತ್ತಿದ್ದದ್ದು ಮಾತ್ರ ನಿಜ. "ಹಾಕ್ಸಿರೆ ಒಳ್ಳೇದೇ. ಒಂದ್ ಫ್ಯಾನೂ ಇದ್ದಿರೆ ಅಕ್ಕಿತ್" ಎಂದ.

ಇಬ್ಬರು ಮುಖಂಡರೂ ಬೆವರೊರೆಸಿಕೊಂಡರು. ಈ ಮನುಷ್ಯ ಚೌಕಾಸಿಯಲ್ಲಿ ತಮ್ಮಿಬ್ಬರನ್ನೂ ಮೀರಿಸಿದವನು.

ಸಂಜೆಗೆ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕಿದ್ದ ಮಗ ಮನೀಷ್ ಫೋನು ಮಾಡಿದ. "ಅಪ್ಪಯ್ಯ, ನೀನ್ ನಿಂತದ್ ಹೌದಾ?"

"ಎಲ್ಲ್ ನಿಂತದ್ ಮಗಾ? ಕಾಲ್ ನೋವ್. ಬೆಳಿಗ್ಗೆಯಿಂದ ಕೂಕಂಡೇ ಇದ್ದೆ."

ಕಚೇರಿಗೆ ಕೊಡಬೇಕಾದ ವಿವರಣೆಯನ್ನು ಅರ್ಜಿ ಬರೆಯುವವರೊಬ್ಬರಿಂದ ಬರೆಸಿದ್ದಾಯಿತು. 'ನನ್ನ ಹೆಂಡತಿ ಜಲಜ ಇವಳು ಹವ್ಯಾಸಕ್ಕಾಗಿ ಕೌದಿ ಹೊಲಿಯುತ್ತಿದ್ದು, ಸದರಿ ಸೀರೆಗಳನ್ನು ಆ ಉದ್ದೇಶಕ್ಕಾಗಿಯೇ ಖರೀದಿಸಿರುತ್ತೇನೆ.' ಓದಿ ಹೇಳಿದಾಗ ಜಲಜಳೂ ತಕರಾರು ಮಾಡಲಿಲ್ಲ. "ಹೆಸ್ರ್ ಹ್ಯಾಂಗೂ ನಂದೇ ಇತ್ತಲೆ" ಎಂದು ಗಂಡನ ಸಹಿಯ ಕೆಳಗೆ ಹೆಬ್ಬೆಟ್ಟಿನ ಬದಲು ತನ್ನ ಸಹಿಯನ್ನೇ ಹಾಕಿದಳು.

ಮೂರನೆಯ ದಿನ ಅಶೋಕನ ಆಟೋದಲ್ಲಿ ಸೋಮ, ಜಲಜ ಹೊರಟರು. ಜಾಗವಿತ್ತೆಂದು ಸುಗುಣಳೂ ಹತ್ತಿದಳು. ಸೋಮ ನಾಮಪತ್ರ ಹಾಕಲು ಹೋಗುತ್ತಿದ್ದಾನೆಂದು ನಂಬಿ ದುಗ್ಗಪ್ಪ ಬೈಕಿನಲ್ಲಿ ಹಿಂದೆ ಬಂದರು. ದುಗ್ಗಪ್ಪ ಏನು ಮಾಡುತ್ತಾರೋ ಎಂದು ಕರಿಯ ಅವರ ಹಿಂದೆ ಬಂದರು. ಕಚೇರಿಯ ಮೆಟ್ಟಿಲು ಹತ್ತುವಾಗ ಅದು ಒಂದು ಸಣ್ಣ ಮೆರವಣಿಗೆಯಂತೆ ಕಂಡಿತು.

ಒಳಗೆ ಮೇಜಿನ ಹಿಂದೆ ಗದಗದ ಕಡೆಯಿಂದ ಚುನಾವಣೆಗೆಂದು ಬಂದ ಅಧಿಕಾರಿಣಿಯೊಬ್ಬರು ಕೂತಿದ್ದರು. ಒಂದೊಂದು ಸೀರೆಗೂ ಚೀಟಿ ಕಟ್ಟಿದ ಗಂಟು ಮೂಲೆಯಲ್ಲಿತ್ತು. ಅದನ್ನು ಕಂಡು ಸೋಮನ ಕಣ್ಣು, ಊರಿಂದ ಬಂದ ಮಗಳನ್ನು ಕಂಡ ಹಾಗೆ ತುಂಬಿತು.

ಮೇಡಂ ಅರ್ಜಿ ಓದಿದರು. ಎರಡನೆಯ ಸಲ ಓದಿದರು. "ಜಲಜ ಯಾರು?"

"ನಾನೇ" ಎಂದಳು ಜಲಜ ಸೆರಗು ಸರಿಮಾಡಿಕೊಂಡು.

"ಕೌದಿ ಹೊಲೀತೀರಾ? ನಮ್ಮ ಕಡೆ ಮನೆ ಮನೆಯಲ್ಲೂ ಕೌದಿ ಇರ್ತದೆ. ನಮ್ಮವ್ವ ಹೊಲಿದದ್ದು ಈಗಲೂ ನನ್ನ ಹತ್ತಿರ ಇದೆ. ಕಡಲ ಕಡೆಯೂ ಹೊಲಿಯೋರು ಇದ್ದಾರೆ ಅಂತ ಇವತ್ತೇ ಕೇಳಿದ್ದು." ಅವರು ಮೇಜಿನ ಖಾನೆ ಎಳೆದರು. ಮತದಾನದ ಲಕೋಟೆ, ಚೀಲ ಹೊಲಿದು ಅರಗು ಹಾಕಲು ಇಟ್ಟ ಸೂಜಿ ದಾರ ಅಲ್ಲಿತ್ತು. "ಒಂದು ಸಾಲು ಹಾಕಿ ತೋರಿಸಿ. ನೋಡೋಣ."

ಜಲಜ ಸೂಜಿಯನ್ನು ಬಂಗುಡೆಯ ಮುಳ್ಳು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದಳು. ದಾರ ಸೂಜಿಯ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ತುದಿಯನ್ನು ಬಾಯಿಗೆ ಹಾಕಿ ನೆನೆಸಿ ಮತ್ತೆ ಪ್ರಯತ್ನಿಸಿದಳು, ಹೆಬ್ಬೆರಳಿಗೆ ಚುಚ್ಚಿಕೊಂಡಳು.

"ಸುಳ್ಳು ಹೇಳಿಕೆ ಬರೆದುಕೊಟ್ಟರೆ ಅದಕ್ಕೆ ಬೇರೆ ಕೇಸು. ಸಹಿ ಹಾಕಿದವರ ಮೇಲೂ ಆಗ್ತದೆ. ಗೊತ್ತಲ್ಲ?" ಮೇಡಮ್ಮಿನ ದನಿ ಈಗ ಬೇರೆಯಾಗಿತ್ತು.

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಜಲಜಳಿಗೆ ಮಾತು ಸಿಗದೆ ಹೋದದ್ದನ್ನು ಸೋಮ ಕಂಡಿರಲಿಲ್ಲ. ಅವಳ ಕಣ್ಣಂಚಿನಲ್ಲಿ ನೀರು ನಿಂತಿತ್ತು. ಹಿಂದೆ ಸುಗುಣ ಬಾಯಿಗೆ ಸೆರಗು ಹಿಡಿದಿದ್ದಳು. ಕ್ಯಾಮೆರಾದವನು ಇಲ್ಲೂ ಇದ್ದ. ಸೋಮ ಒಮ್ಮೆ ಕ್ಯಾಮೆರಾವನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ.

"ನಂಗ್ ಕೊಡ್ ಹೆಣೆ" ಎಂದು ಕೈ ಚಾಚಿದ.

ಒಂದೇ ಸಲಕ್ಕೆ ದಾರ ಸೂಜಿಗೆ ಹೋಯಿತು. ಅವನು ಕಾಲು ಚಾಚಿ ನೆಲದ ಮೇಲೆ ಕೂತ. ಗಂಟಿನಿಂದ ನೇರಳೆ ಸೀರೆಯನ್ನು ಎಳೆದು ಮಡಚಿದ, ಅದರ ಮೇಲೆ ಅರಿಸಿನ ಬಣ್ಣದ್ದು, ಮೇಲೆ ಗಿಳಿಹಸಿರು. ಜಪ್ತಿ ಮಾಲನ್ನು ಮುಟ್ಟುವುದೇ ಎಂದು ಪೊಲೀಸ್ ಪೇದೆ ಮುಂದೆ ಬಂದ. ಮೇಡಂ ಕಣ್ಣಿನಲ್ಲೇ ಅವನನ್ನು ನಿಲ್ಲಿಸಿದರು.

ಮೊದಲ ಸಾಲಿನಲ್ಲಿ ಸೋಮ ಎರಡು ಸಲ ಕ್ಯಾಮೆರಾದ ಕಡೆ ನೋಡಿದ. ಎರಡನೆಯ ಸಾಲಿಗೆ ನೋಡುವುದು ನಿಂತಿತು. ಮೂರನೆಯ ಸಾಲಿಗೆ ಅವನಿಗೆ ಕಚೇರಿ, ಕೇಸು, ಕ್ಯಾಮೆರಾ ಎಲ್ಲ ಮರೆತುಹೋಯಿತು.

"ದುಗ್ಗಪ್ಪಣ್ಣ, ಆ ತುದಿ ಹಿಡೀರಿ ಕಾಂಬ" ಎಂದ ತಲೆಯೆತ್ತದೆ. "ಕರಿಯಣ್ಣ, ನೀವ್ ಈ ಬದಿ. ಹಾಂಗ್ ಎಳೀಬೇಡಿ, ಸಡ್ಲ ಬಿಡಿ. ಸಡ್ಲ! ಸುಕ್ಕ್ ಬತ್ತ್ ಕಾಣಿ ಅಲ್ಲಿ."

ಎದುರುಬದುರು ಪಕ್ಷದ ಇಬ್ಬರು ಮುಖಂಡರು ಒಂದೇ ಬಟ್ಟೆಯ ಎರಡು ತುದಿ ಹಿಡಿದು ಚುನಾವಣಾ ಕಚೇರಿಯ ನೆಲದ ಮೇಲೆ ಮಂಡಿಯೂರಿ ಕೂತರು. ಆ ಚುನಾವಣೆಯಲ್ಲಿ ಇಂಥ ದೃಶ್ಯ ಬೇರೆಲ್ಲೂ ಸಿಗಲಿಲ್ಲವೆಂದು ಕ್ಯಾಮೆರಾದವನು ಆಮೇಲೆ ಹೇಳಿದ.

"ಸಾಕು" ಎಂದರು ಮೇಡಂ.

ಸೋಮನಿಗೆ ಕೇಳಿಸಲಿಲ್ಲ.

"ಸಾಕ್ರೀ!"

"ಮೂಲಿ ಒಂದ್ ಉಳ್ದಿತ್ತ್ ಮೇಡಂ. ಅಲ್ಲ್ ಬಿಟ್ರೆ ಬಿಚ್ಚತ್ತ್."

ಮೇಡಂ ಕುರ್ಚಿ ಬಿಟ್ಟು ಎದ್ದು ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತರು. ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರು. ಬೆರಳಿನಿಂದ ಸಾಲನ್ನು ಸವರಿದರು. ಅವರ ಮಾತು ಕಚೇರಿಯನ್ನು ಬಿಟ್ಟು ಊರಿಗೆ ಹೋಗಿತ್ತು. "ಯಾರ ಕಲಿಸಿದ್ರು ನಿಮಗ?"

"ಯಲ್ಲವ್ವ ಅಂದೇಳಿ. ಕೊಪ್ಪಳದರ್."

"ಅದಽ ಅಂತೀನಿ, ಕೈ ನಮ್ಮ ಕಡೀದೈತಿ. ಮತ್ತ ಹೆಂಡತಿ ಹೆಸರ ಯಾಕ ಬರಸಿದ್ರಿ?"

"ನಾಚ್ಕಿ ಆಯ್ತ್ ಮೇಡಂ. ಗಂಡ್ಸ್ ಅಲ್ದಾ."

"ಬಲಿ ಕಟ್ಟಾಕ ನಾಚಿಕಿ ಇಲ್ಲ?"

"ಅದ್ ನೈಲಾನ್ ಮೇಡಂ" ಎಂದ ಸೋಮ ತೀರ ಗಂಭೀರವಾಗಿ.

ಮೊದಲು ನಕ್ಕವರು ಮೇಡಮ್ಮೇ. ಆಮೇಲೆ ಪೇದೆ, ಆಮೇಲೆ ಸುಗುಣ. ಬಟ್ಟೆಯ ತುದಿ ಬಿಡದೆ ದುಗ್ಗಪ್ಪ, ಕರಿಯ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಜಲಜ ಕಣ್ಣೊರೆಸಿಕೊಂಡು ನಕ್ಕಳು. ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತೆಂದು ಸೋಮ ಎಲ್ಲರನ್ನೂ ನೋಡಿ, ಕೊನೆಗೆ ತಾನೂ ನಕ್ಕ.

ಮೇಡಂ ಕುರ್ಚಿಗೆ ಮರಳಿ ಬರೆಸಿದರು: 'ಸದರಿ ವ್ಯಕ್ತಿಯು ಸ್ವತಃ ಕೌದಿ ಹೊಲಿಯುವುದನ್ನು ಖುದ್ದಾಗಿ ಪರಿಶೀಲಿಸಲಾಗಿದ್ದು, ವಸ್ತುಗಳು ಚುನಾವಣೆಗೆ ಸಂಬಂಧಿಸಿದ್ದಲ್ಲವೆಂದು ಮನವರಿಕೆಯಾಗಿರುತ್ತದೆ. ಪಕ್ಷ: ಇಲ್ಲ.' ಮುಂದೆ ಬಟ್ಟೆ ಕೊಂಡರೆ ಬಿಲ್ಲು ತೆಗೆದುಕೊಳ್ಳಬೇಕು, ಹೆಂಡತಿಯ ಹೆಸರು ಸೇರಿಸಬಾರದು ಎಂದು ಬಾಯಿಮಾತಿನಲ್ಲಿ ಗದರಿದರು. ಇಪ್ಪತ್ತೆರಡು ಸೀರೆಗಳೂ ಅಂದೇ ಬಿಡುಗಡೆಯಾದವು.

ವಾಪಸು ಬರುವಾಗ ಸುಗುಣ, ತಾನು ಮೊದಲಿಂದಲೂ ಇದು ಗಂಡಸಿನ ಹೊಲಿಗೆಯೆಂದೇ ತಿಳಿದಿದ್ದೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮರವಂತೆ ದಾಟಿದ ಮೇಲೆ ಜಲಜ ಗಂಡನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಹ್ವಾಯ್, ನಂಗೂ ಕಲ್ಸಿಕೊಡ್ತ್ರ್ಯಾ?"

"ಕೌದಿ ಹೊಲೂಕಾ?"

"ಸೂಜಿಗ್ ದಾರ ಹಾಕುಕೆ. ಮುಂದಿದ್ದ್ ಮತ್ತ್ ಕಾಂಬ."

ಸೋಮ ಚುನಾವಣೆಗೆ ನಿಲ್ಲುವುದಿಲ್ಲವೆಂದು ಗಟ್ಟಿಯಾದ ಮೇಲೆ ಶೀಟು, ಲೈಟು, ಫ್ಯಾನು ಯಾವುದೂ ಬರಲಿಲ್ಲ. ಗಂಡಸರ ತಮಾಷೆ ಮಾತ್ರ ಒಂದು ತಿಂಗಳು ಬಂತು. ಶೆಡ್ಡಿನೆದುರು ಹೋಗುವವರೆಲ್ಲ, "ಸೋಮಕ್ಕ, ಎಂತ ಮಾಡ್ತ್ರಿ?" ಎನ್ನುತ್ತಿದ್ದರು. ಸೋಮ ಕಾಯುತ್ತಿದ್ದ ಹೆದರಿಕೆ ಅದೇ. ಬಂದ ಮೇಲೆ ನೋಡಿದರೆ ಅದು ಅಷ್ಟೇನೂ ದೊಡ್ಡದಿರಲಿಲ್ಲ. "ಕೌದಿ ಹೊಲೀತಿದ್ದೆ. ನಿಂಗೊಂದ್ ಬೇಕಾ?" ಎಂದು ಕೇಳಿದರೆ ಹತ್ತರಲ್ಲಿ ಏಳು ಜನ ಸುತ್ತಮುತ್ತ ನೋಡಿ, "ಬೇಕಿತ್ತ್" ಎನ್ನುತ್ತಿದ್ದರು.

ಜೂನಿನಲ್ಲಿ ಮಳೆಗಾಲಕ್ಕೆಂದು ಮೀನುಗಾರಿಕೆ ನಿಂತಿತು. ದೋಣಿಗಳು ದಡಕ್ಕೆ ಬಂದವು, ಗಂಡಸರು ಮನೆಯಲ್ಲಿ ಉಳಿದರು, ಅವರ ಹೆಂಡಂದಿರಿಗೆ ತಲೆನೋವು ಹಿಡಿಯಿತು. ಒಬ್ಬೊಬ್ಬರೇ ಗಂಡನ ಕೈಗೆ ಎರಡು ಹಳೆ ಸೀರೆ ಕೊಟ್ಟು, ಸೋಮಣ್ಣನ ಹತ್ತಿರ ಹೋಗಿ ಕಲಿತು ಬನ್ನಿ ಎಂದು ಶೆಡ್ಡಿಗೆ ಅಟ್ಟಿದರು. ಚುನಾವಣೆಯಲ್ಲಿ ಒಬ್ಬರ ಪಕ್ಷ ಗೆದ್ದು ಒಬ್ಬರದು ಸೋತಿದ್ದರೂ ದುಗ್ಗಪ್ಪ, ಕರಿಯ ಇಬ್ಬರೂ ಬಂದರು. ಇಬ್ಬರಿಗೂ ಆ ವರ್ಷ ಮೊಮ್ಮಕ್ಕಳಾಗಿದ್ದವು. ಬಟ್ಟೆ ಹಿಡಿಯುವುದರಲ್ಲಿ ತಮಗೆ ಮೊದಲೇ ಅನುಭವ ಉಂಟೆಂದು ಅವರು ಬೇರೆಯವರ ಮೇಲೆ ಸ್ವಲ್ಪ ದರ್ಬಾರೂ ಮಾಡಿದರು.

ಆಷಾಢದ ಒಂದು ಮಧ್ಯಾಹ್ನ ಬ್ರಹ್ಮಾವರದಿಂದ ಒಬ್ಬ ಅಧ್ಯಾಪಕಿ ಕೊಡೆ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. ಮಗಳ ಬಾಣಂತನಕ್ಕೆ ಕೌದಿ ಬೇಕಾಗಿತ್ತಂತೆ, ಯಾರೋ ಈ ಊರಿನ ಹೆಸರು ಹೇಳಿದ್ದರಂತೆ. ಒಳಗೆ ಇಣುಕಿದರೆ ಆರು ಜನ ಮೀಸೆಯ ಗಂಡಸರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ದುಗ್ಗಪ್ಪನ ಹಳದಿ ತುಂಡಿನ ಪಕ್ಕ ಕರಿಯನ ಕೆಂಪು ತುಂಡು ಒಪ್ಪುತ್ತದೋ ಇಲ್ಲವೋ ಎಂದು ಭಾರೀ ಚರ್ಚೆ ನಡೆದಿತ್ತು. ಅಧ್ಯಾಪಕಿ ತಪ್ಪು ಜಾಗಕ್ಕೆ ಬಂದೆನೆಂದು ಎರಡು ಹೆಜ್ಜೆ ಹಿಂದೆ ಸರಿದರು.

"ಇಲ್ಲಿ ಕೌದಿ ಹೊಲಿಯುವ ಹೆಂಗಸರು ಇದ್ದಾರಂತಲ್ಲ. ಅವರ ಮನೆ ಯಾವುದು?"

ಚರ್ಚೆ ನಿಂತಿತು. ಐದು ಜನರೂ ಸೋಮನ ಮುಖ ನೋಡಿದರು. ಸೋಮ ಹಲ್ಲಿನಲ್ಲಿ ಕಚ್ಚಿದ್ದ ದಾರ ಕಡಿದು, ಸೂಜಿಯನ್ನು ಬನಿಯನ್ನಿಗೆ ಚುಚ್ಚಿಕೊಂಡು, ಚಾಪೆಯ ಮೇಲೆ ಒಂದು ಜಾಗ ಮಾಡಿದ.

"ಅದ್ ನಾವೇ. ಬನ್ನಿ, ಕೂಕಣಿ. ಗಂಡ್ ಮಗುವಿಗಾ, ಹೆಣ್ಣಿಗಾ?"